ತಡವಾದರೂ ಪರವಾಗಿಲ್ಲ

ಸೆಪ್ಟೆಂಬರ್ 4

ಮೌನಪುರಾಧೀಶ್ವರ, ಅಲ್ಪವಿರಾಮ ಪ್ರತಿಷ್ಠಾಪನಾಚಾರ್ಯ, ಕರಡು ತಿದ್ದುವವರ ಕುಲತಿಲಕರಾದ ಸೋದರಮಾವನವರ ಸನ್ನಿಧಾನಕ್ಕೆ, ತಮ್ಮ ಅಕ್ಕನ ಎರಡನೆಯ ಮಗಳು ಗಲಾಟೆಯು ಸಾಷ್ಟಾಂಗವಾಗಿ ಬಿದ್ದು ಮಾಡುವ ವಿಜ್ಞಾಪನೆ ಏನೆಂದರೆ:

ಮನೆ ಹೋಗುತ್ತಿದೆ.

ಯಾವ ಮನೆ ಎಂದು ಗಾಬರಿಯಾಗಬೇಡಿ. ಅಮ್ಮನ ಮನೆ ಅಲ್ಲೇ ಇದೆ, ಅಮ್ಮನೂ ಅಲ್ಲೇ ಇದ್ದಾಳೆ, ಇಬ್ಬರೂ ಅಲ್ಲಲ್ಲಿ ಸೋರುತ್ತಿದ್ದಾರೆ. ಹೋಗುತ್ತಿರುವುದು ಹದಿನಾರು ವರ್ಷದ ಹಿಂದೆ ನೀವು ಇಂಟರ್ನೆಟ್ಟಿನಲ್ಲಿ ಕಟ್ಟಿದ ಮನೆ. ಉಗ್ಗುವವರೆಲ್ಲ ಬಾಯಿಗೆ ರಜೆ ಕೊಟ್ಟು ಬೆರಳಲ್ಲಿ ಮಾತಾಡುವ ಜಾಗ. ‘ತಡವಾದರೂ ಪರವಾಗಿಲ್ಲ’ ಎಂದು ಪೂರ್ತಿ ಹೆಸರು ಹೇಳುವಷ್ಟರಲ್ಲಿ ನಮ್ಮಂಥವರಿಗೆ ಊಟದ ಹೊತ್ತಾಗುವುದರಿಂದ ‘ತಪ’ ಎಂದು ಕರೆಯುವ ಜಾಗ. ಅಲ್ಲಿರುವ ಮುನ್ನೂರ ನಲವತ್ತು ತಪಸ್ವಿಗಳಿಗೆ ಆ ಜಾಗ ಕೊಟ್ಟ ಕಂಪನಿಯವರಿಂದ ನೋಟೀಸು ಬಂದಿದೆ. ಡಿಸೆಂಬರ್ 31ರ ಸಂಜೆ ಆರಕ್ಕೆ ಅವರು ಅಂಗಡಿ ಮುಚ್ಚುತ್ತಾರಂತೆ. ಆಮೇಲೆ, ಈವರೆಗೆ ಬರೆದದ್ದನ್ನೆಲ್ಲ ಅಳಿಸುತ್ತಾರಂತೆ. ನವೆಂಬರ್ ಒಂದರಿಂದ ಹೊಸದೇನನ್ನೂ ಬರೆಯಲು ಬಿಡುವುದಿಲ್ಲವಂತೆ.

ಬರಹಗಳನ್ನೂ ಸದಸ್ಯರ ಇಮೇಲ್ ವಿಳಾಸಗಳನ್ನೂ ಹೊರಗೆ ತರಲು ಮುಖ್ಯ ಪಾಸ್‌ವರ್ಡ್ ಬೇಕು. ನನಗೆ ಇರುವುದು ಕಸ ಗುಡಿಸುವ ಅಧಿಕಾರ ಮಾತ್ರ. ಯಾರಾದರೂ ಬೈದರೆ ಅಳಿಸಬಹುದು. ಮುಖ್ಯ ಪಾಸ್‌ವರ್ಡನ್ನು ನೀವು ಎರಡು ವರ್ಷದ ಹಿಂದೆ ಬದಲಾಯಿಸಿದಿರಿ, ಆಮೇಲೆ ಹೊರಟೇಹೋದಿರಿ. ಇಂಟರ್ನೆಟ್ಟನ್ನೇ ಕಿತ್ತುಹಾಕಿಸಿದ್ದೀರಿ, ಫೋನಂತೂ ಮುಟ್ಟುವುದಿಲ್ಲ ಎಂದು ಅಮ್ಮ ಹೇಳಿದಳು. ಆದ್ದರಿಂದ ಈ ಕಾಗದ. ನಮ್ಮ ಹಲ್ಲಿನ ಲ್ಯಾಬಿನ ಬಿಲ್ ಹಾಳೆಯ ಹಿಂಬದಿ ಇದು. ಮುಂಬದಿಯಲ್ಲಿ ಲ್ಯಾಬಿನ ವಿಳಾಸ, ಫೋನ್ ನಂಬರು ಅಚ್ಚಾಗಿವೆ. ದಿನಕ್ಕೆ ನಲವತ್ತು ಬಾಯಿಗಳ ಪ್ಲಾಸ್ಟರ್ ಅಚ್ಚು ನನ್ನ ಮೇಜಿನ ಮೇಲೆ ಬಾಯ್ತೆರೆದು ಕೂತಿರುತ್ತವೆ. ಒಂದೂ ‘ಬೇಗ ಹೇಳು’ ಅನ್ನುವುದಿಲ್ಲ. ಇಷ್ಟು ಸಭ್ಯ ಸಹೋದ್ಯೋಗಿಗಳು ಯಾರಿಗಿದ್ದಾರೆ ಹೇಳಿ.

ಪಾಸ್‌ವರ್ಡ್ ಕಳಿಸಿ. ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಅಪ್ಪಣೆ ಕೊಡಿಸಿ.

ಅಕ್ಕನ ಮದುವೆಯ ಮೈಕಿನ ವಿಷಯವನ್ನು ಈ ಅರ್ಜಿಯಲ್ಲಿ ಎಲ್ಲೂ ಎತ್ತಿಲ್ಲ ಎಂಬುದನ್ನು ಸನ್ನಿಧಾನವು ಗಮನಿಸಬೇಕು.

ಇತಿ ವಿಧೇಯಳಲ್ಲದಿದ್ದರೂ ಸೊಸೆಯೇ ಆದ,
ಗಲಾಟೆ


ಸೆಪ್ಟೆಂಬರ್ 25

ಗಲಾಟೆಗೆ,

ನಿನ್ನ ಪತ್ರವನ್ನು ತಿದ್ದಿ ವಾಪಸು ಕಳಿಸಿದ್ದೇನೆ. ಹದಿನೇಳು ತಪ್ಪು. ‘ಸಾಷ್ಟಾಂಗ’ ಸರಿಯಾಗಿದೆ, ಸಂತೋಷ.

ಮನೆ ಸೋರುತ್ತದೆ, ಅಮ್ಮ ಸೋರುವುದಿಲ್ಲ. ಎರಡು ವಾಕ್ಯ ಮಾಡು.

ಮಾವ


ಅಕ್ಟೋಬರ್ 6

ಕೆಂಪು ಶಾಯಿಯ ಏಕೈಕ ವಾರಸುದಾರರಿಗೆ,

ತಿದ್ದುಪಡಿ ತಲುಪಿತು. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದೆ, ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿಯೂ ನೋಡಿದೆ. ಪಾಸ್‌ವರ್ಡ್ ಎಲ್ಲೂ ಇಲ್ಲ.

ಆದ್ದರಿಂದ ಈ ಸರ್ಕಾರವು ಸ್ವಂತ ಕ್ರಮ ಕೈಗೊಂಡಿದೆ. ಮೊದಲನೆಯದಾಗಿ ಪಾಸ್‌ವರ್ಡನ್ನು ಊಹಿಸಲಾಯಿತು. ಜಾಗದ ಹೆಸರು ಹಾಕಿದೆ, ತಪ್ಪು. ನಿಮ್ಮ ಪ್ರೆಸ್ಸಿನ ಹೆಸರು ಹಾಕಿದೆ, ಅದೂ ತಪ್ಪು. ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು: ಉಳಿದಿರುವುದು ಒಂದೇ ಅವಕಾಶ, ಅದೂ ತಪ್ಪಿದರೆ ಈ ಖಾತೆ ಮತ್ತೆ ತೆರೆಯುವುದಿಲ್ಲ. ಕೈ ಹಿಂದಕ್ಕೆ ತೆಗೆದೆ.

ಎರಡನೆಯದಾಗಿ ಹೊಸ ಜಾಗ ಹುಡುಕಲಾಯಿತು. ಒಂದು ಕಡೆ ಎಲ್ಲ ಚೆನ್ನಾಗಿತ್ತು, ಆದರೆ ಯಾರೂ ಮೆಚ್ಚದ ಬರಹ ಸಂಜೆಯೊಳಗೆ ತಳಕ್ಕೆ ಹೋಗಿಬಿಡುತ್ತದೆ. ಇನ್ನೊಂದರಲ್ಲಿ ಒಳಗೆ ಬರಲು ಮುಖದ ಫೋಟೋ ಕೇಳುತ್ತಾರೆ. ಕೊನೆಗೆ ಎಲ್ಲರ ಫೋನಿನಲ್ಲೂ ಇರುವ ಚಾಟ್ ಆ್ಯಪನ್ನೇ ಒಪ್ಪಿಕೊಂಡೆ. ಗುಂಪು ಮಾಡಲು ನಾಲ್ಕು ನಿಮಿಷ. ಚಿತ್ರ ಹಾಕಬಹುದು, ಧ್ವನಿ ಕಳಿಸಬಹುದು (ಕಳಿಸುವವರು ಯಾರೋ ನಾನು ಕಾಣೆ). ಹಳೆಯ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬೋರ್ಡು ಹಾಕಿದ್ದೇನೆ: ‘ತಪೋಭೂಮಿ ಸ್ಥಳಾಂತರಗೊಂಡಿದೆ, ಭಕ್ತಾದಿಗಳು ಈ ಕೆಳಗಿನ ಕೊಂಡಿಯನ್ನು ಒತ್ತಿ ಬರಬೇಕು.’ ಒಂದೇ ವಾರಕ್ಕೆ ಇನ್ನೂರು ಜನ ಬಂದರು.

ನೀವಿಲ್ಲದೆಯೂ ನಡೆಯುತ್ತದೆ ಎಂದು ತಿಳಿಸಲು ಬರೆದೆ. ಬೇಜಾರಾದರೆ ಪಾಸ್‌ವರ್ಡ್ ಕಳಿಸಿ ತೀರಿಸಿಕೊಳ್ಳಿ.

ಹಂಗಾಮಿ ಮಹಾಮಂತ್ರಿ,
ಗಲಾಟೆ


ಅಕ್ಟೋಬರ್ 24

ಗಲಾಟೆಗೆ,

ಹನ್ನೊಂದು ತಪ್ಪು.

ಒಂದು ಪ್ರಶ್ನೆ. ಆ ಹೊಸ ಜಾಗದಲ್ಲಿ ಒಬ್ಬರು ಬರೆಯುತ್ತಾ ಇರುವಾಗ, ಅವರು ಬರೆಯುತ್ತಾ ಇದ್ದಾರೆ ಎಂಬುದು ಉಳಿದವರಿಗೆ ಕಾಣುತ್ತದೆಯೇ?

ಮಾವ


ನವೆಂಬರ್ 13

ಮಾವ,

ಬಿರುದುಗಳು ಇವತ್ತು ಖಾಲಿಯಾಗಿವೆ.

ಕಾಣುತ್ತದೆ. ಒಬ್ಬರು ಮೊದಲಕ್ಷರ ಒತ್ತಿದ ಕೂಡಲೇ ಉಳಿದವರಿಗೆಲ್ಲ ಪರದೆಯ ಕೆಳಗೆ ಮೂರು ಚುಕ್ಕೆ ಕಾಣುತ್ತವೆ, ಪಕ್ಕದಲ್ಲಿ ಅವರ ಹೆಸರು. ಬರೆಯುವಾಗ ಚುಕ್ಕೆಗಳು ಕುಣಿಯುತ್ತವೆ. ಅಳಿಸಿದರೆ ನಿಲ್ಲುತ್ತವೆ. ಮತ್ತೆ ಬರೆದರೆ ಮತ್ತೆ ಕುಣಿತ. ಅದು ನಮ್ಮ ತುಟಿ, ಮಾವ. ಅದುರುವ ತುಟಿಯನ್ನು ಇನ್ನೂರು ಜನ ಸುತ್ತ ನಿಂತು ನೋಡುತ್ತಿರುವ ಹಾಗೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಬೇಗ ಬರೆಯುತ್ತೇನೆ, ಹಾಗಾಗಿ ಚುಕ್ಕೆಗಳನ್ನು ಗಮನಿಸಲೇ ಇಲ್ಲ.

ತಪಾಸಕರು ನೆನಪಿದ್ದಾರಲ್ಲ. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ‘ಟಿಕೆಟ್’ ಎಂಬ ಮಾತೇ ಬಾಯಿಗೆ ಬಾರದೆ ಎರಡು ಬೆರಳು ಮುಂದೆ ಚಾಚಿಯೇ ನೌಕರಿ ಮುಗಿಸುತ್ತಾ ಬಂದವರು. ಹದಿನಾಲ್ಕು ವರ್ಷದಿಂದ ತಪ್ಪದೆ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪುಟ ಬರೆಯುತ್ತಿದ್ದರು. ವಾರದಲ್ಲಿ ನಾನು ಮಾತಾಡುವುದು ಇದೊಂದೇ ಎಂದು ಒಮ್ಮೆ ಬರೆದಿದ್ದರು.

ಕಳೆದ ಭಾನುವಾರ ಅವರ ಚುಕ್ಕೆಗಳು ಶುರುವಾದವು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತೈದು ನಿಮಿಷ. ಕುಣಿಯುವುದು, ನಿಲ್ಲುವುದು. ಯಾರೋ ಒಳ್ಳೆಯ ಮನಸ್ಸಿನಿಂದಲೇ ‘ಹೇಳಿ ಹೇಳಿ, ಕಾಯ್ತಾ ಇದ್ದೀವಿ’ ಎಂದು ಹಾಕಿದರು. ಇನ್ಯಾರೋ ಚಪ್ಪಾಳೆಯ ಚಿತ್ರ ಹಾಕಿದರು. ಆಮೇಲೆ ಒಬ್ಬಳು, ತಮಾಷೆ ಮಾಡುವುದೇ ತನ್ನ ಉದ್ಯೋಗ ಎಂದುಕೊಂಡವಳು, ಬರೆದಳು: ‘ಏನ್ ಸಾರ್, ಹೆಂಡ್ತಿ ಜೊತೆ ಜಗಳಾನಾ?’

ಚುಕ್ಕೆ ನಿಂತವು. ಆಮೇಲೆ ಒಂದು ಸಾಲು ಕಂಡಿತು: ‘ಗುಂಪಿನಿಂದ ಹೊರಗೆ ಹೋಗಿದ್ದಾರೆ.’

ಹಳೆಯ ಜಾಗದಲ್ಲಿ ಕೊನೆಯದಾಗಿ ಬರೆದ ಪುಟದಲ್ಲಿ ಅವರು ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದನ್ನು ಬರೆದಿದ್ದರು. ನಾನು ಅದನ್ನು ಓದಿರಲಿಲ್ಲ. ಅವರು ಅವತ್ತು ಏನು ಹೇಳಲಿದ್ದರು ಎಂದು ಯಾರಿಗೂ ಗೊತ್ತಿಲ್ಲ.

ಆ ದಿನದಿಂದ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದಾರೆ. ಈಗ ಇಪ್ಪತ್ತೇಳು ಜನ ಉಳಿದಿದ್ದೇವೆ, ಯಾರೂ ಬರೆಯುತ್ತಿಲ್ಲ. ಹಳೆಯ ಜಾಗದಲ್ಲಿ ಬರೆಯಲು ಬಿಡುವುದಿಲ್ಲ. ಹೋದವರನ್ನು ಕರೆಯೋಣವೆಂದರೆ ಅವರ ಇಮೇಲ್ ವಿಳಾಸಗಳು ಮುಖ್ಯ ಪಾಸ್‌ವರ್ಡಿನ ಹಿಂದೆ ಇವೆ. ಮೂವತ್ತೊಂದನೇ ತಾರೀಕು ಸಂಜೆ ಆರಕ್ಕೆ ಅವೂ ಹೋಗುತ್ತವೆ. ಆಮೇಲೆ ತಪಾಸಕರನ್ನು ಎಲ್ಲಿ ಹುಡುಕಲಿ? ಅವರ ಹೆಸರು ಕೂಡ ಗೊತ್ತಿಲ್ಲ ನನಗೆ. ಬಸ್ ಹತ್ತಿ ಎರಡು ಬೆರಳು ಚಾಚುವವರನ್ನೆಲ್ಲ ನೋಡುತ್ತಾ ಕೂರಲೇ? ನಾಲ್ಕು ದಿನದಿಂದ ಅದನ್ನೇ ಮಾಡುತ್ತಿದ್ದೇನೆ. ಕೆಲಸ ಮುಗಿದ ಮೇಲೆ ಬೇಕಿಲ್ಲದ ಬಸ್ಸು ಹತ್ತುತ್ತೇನೆ.

ಮಾವ, ಮೈಕಿನ ವಿಷಯ.

ಅವತ್ತು ನೀವು ‘ನೀವಿಬ್ಬರೂ ನೂರು ಕಾಲ’ ಎನ್ನುವವರೆಗೆ ಬಂದು ನಿಂತಿರಿ. ಛತ್ರದಲ್ಲಿ ಜನ ಚಮಚ ಕೆಳಗಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ನೀವು ನನ್ನ ಕಡೆ ತಿರುಗಿ ‘ತ್… ತ್…’ ಎಂದಿರಿ. ಸಹಾಯ ಕೇಳುತ್ತಿದ್ದೀರಿ ಎಂದುಕೊಂಡೆ, ಆಣೆಗೂ. ಬಗ್ಗಿ ಮೈಕಿನಲ್ಲಿ ‘ತಲೆನೋವು!’ ಎಂದೆ. ಎಲ್ಲರೂ ನಕ್ಕರು. ನನ್ನ ಬಾಯಿಂದ ಒಂದು ಮಾತು ತಡೆಯಿಲ್ಲದೆ ಹೊರಬಂದದ್ದು ವರ್ಷದಲ್ಲಿ ಅದೇ ಮೊದಲು. ನನಗೆ ಅದರ ಸಂತೋಷ ಬೇರೆ. ತಿರುಗಿ ನೋಡಿದರೆ ನೀವಿರಲಿಲ್ಲ.

ತಪದ ಒಂದನೇ ನಿಯಮ, ನೀವೇ ಬರೆದದ್ದು: ಇನ್ನೊಬ್ಬರ ಮಾತನ್ನು ಮುಗಿಸಬೇಡ. ಎರಡು ಸಲ ಮುರಿದೆ, ಮದುವೆಯಲ್ಲಿ ಒಮ್ಮೆ, ತಪಾಸಕರ ಚುಕ್ಕೆಗಳ ಮುಂದೆ ಒಮ್ಮೆ. ನನ್ನನ್ನು ಕ್ಷಮಿಸದಿದ್ದರೂ ಪರವಾಗಿಲ್ಲ. ಪಾಸ್‌ವರ್ಡ್ ಕೊಡಿ.

ಗಲಾಟೆ


ಡಿಸೆಂಬರ್ 1

ಗಲಾಟೆಗೆ,

ನಿನ್ನ ಪತ್ರವನ್ನು ತಿದ್ದಲಿಲ್ಲ.

ಹದಿನಾರು ವರ್ಷದ ಹಿಂದೆ ನಾನು ಜಾಗ ಹುಡುಕುವಾಗ ನೋಡಿದ್ದು ಒಂದೇ. ಬರೆಯುವವನು ಎಷ್ಟು ಹೊತ್ತು ತೆಗೆದುಕೊಂಡ ಎಂದು ಓದುವವನಿಗೆ ತಿಳಿಯಬಾರದು. ಆ ಜಾಗ ನೋಡಲು ಚೆನ್ನಾಗಿರಲಿಲ್ಲ, ಬೂದು ಬಣ್ಣ. ಆದರೆ ಅರ್ಧ ಬರೆದದ್ದನ್ನು ಇಟ್ಟು ಹೋಗಿ, ಯಾವಾಗಲೋ ಬಂದು ಮುಂದುವರಿಸಬಹುದಿತ್ತು. ಯಾವ ಕರಡು ಯಾವತ್ತು ಶುರುವಾಯಿತು ಎಂಬುದು ಮುಖ್ಯ ಪಾಸ್‌ವರ್ಡ್ ಇದ್ದ ನನಗೊಬ್ಬನಿಗೆ ಕಾಣುತ್ತಿತ್ತು. ನೀನು ಹನ್ನೊಂದು ವರ್ಷದವಳಾಗಿದ್ದಾಗ ಸೇರಿದೆ. ನಿನ್ನ ಮೊದಲ ವಾಕ್ಯ: ‘ಇಲ್ಲಿ ಬಾಯಿ ಮುಚ್ಚಿಕೊಂಡು ಕೂರಲು ಫೀಸು ಎಷ್ಟು?’ ಎಲ್ಲರೂ ನಕ್ಕರು, ಎಷ್ಟು ಚುರುಕು ಹುಡುಗಿ ಎಂದರು. ಅದಕ್ಕೆ ನಿನಗೆ ಒಂಬತ್ತು ದಿನ ಹಿಡಿದಿತ್ತು. ಈವರೆಗೆ ಯಾರಿಗೂ ಹೇಳಿಲ್ಲ, ನಿನಗೂ.

ನಾನು ನೋಡದೇ ಬಿಟ್ಟದ್ದು ಹೊರಗೆ ಹೋಗುವ ಬಾಗಿಲು. ಬರೆದದ್ದನ್ನೆಲ್ಲ ಹೊತ್ತುಕೊಂಡು ಹೊರಡುವ ದಿನ ಬಂದರೆ ಹೇಗೆ ಎಂದು ಕೇಳಲಿಲ್ಲ. ಕೀಲಿಯನ್ನು ಒಬ್ಬನ ಜೇಬಿನಲ್ಲಿ ಇಟ್ಟೆ. ಆ ಒಬ್ಬ ಮುನಿಸಿಕೊಂಡರೆ ಏನು ಗತಿ ಎಂದು ಕೇಳಲಿಲ್ಲ. ಮುನಿಸಿಕೊಳ್ಳುವವನು ನಾನೇ ಆಗುತ್ತೇನೆ ಎಂದು ಅನಿಸಿರಲಿಲ್ಲ.

ಪಾಸ್‌ವರ್ಡ್ ಕೊಡುತ್ತೇನೆ. ಅದಕ್ಕೆ ಮೊದಲು ಎಲ್ಲಿಗೆ ಕರೆದೊಯ್ಯುತ್ತೀ ಹೇಳು. ಒಮ್ಮೆ ಎಬ್ಬಿಸಿದ ಜನರನ್ನು ಮತ್ತೆ ತಪ್ಪು ಕಡೆ ಕೂರಿಸಿದರೆ ಮೂರನೇ ಸಲ ಏಳಲು ಅವರಿಗೆ ಶಕ್ತಿ ಇರುವುದಿಲ್ಲ. ನಾಲ್ಕು ವಿಷಯ ಯೋಚಿಸಿ ಬರೆ. ಚುಕ್ಕೆ ಕಾಣಬಾರದು. ಒಂಬತ್ತು ವರ್ಷದ ಹಿಂದಿನ ಮಾತು ಹುಡುಕಿದರೆ ಸಿಗಬೇಕು. ಕಂಪನಿ ಮುಚ್ಚಿದರೂ ನಮ್ಮದು ನಮ್ಮ ಹತ್ತಿರ ಉಳಿಯಬೇಕು. ಕೀಲಿ ಒಬ್ಬರ ಕೈಯಲ್ಲಿ ಇರಕೂಡದು.

ಮಾವ


ಡಿಸೆಂಬರ್ 9

ಮಾವ,

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ಇವತ್ತಿನವರೆಗೂ ಇದನ್ನೇ ಯೋಚಿಸಿದೆ. ಲ್ಯಾಬಿನ ಯಜಮಾನಿ ನನಗೆ, ಇಬ್ಬರ ಹಲ್ಲಿನ ಸೆಟ್ಟನ್ನು ಅದಲುಬದಲು ಮಾಡಿದ್ದಕ್ಕೆ ಬೈದರು. ಒಬ್ಬರದು ಇನ್ನೊಬ್ಬರ ಬಾಯಿಗೆ ಕೂರದು ಎಂದು ನನಗೂ ಗೊತ್ತು, ಅಂದೆ. ಅದನ್ನು ಹೇಳಿ ಮುಗಿಸುವವರೆಗೆ ಅವರು ಕಾದರು, ಪಾಪ.

ಇಮೇಲ್ ಗುಂಪು ಮಾಡೋಣ. ಇದೇ ನನ್ನ ಉತ್ತರ. ಕೇಳಲು ಹಳೆಯ ಕಾಲದ್ದು, ಹೆಮ್ಮೆಪಡುವಂಥದ್ದೇನಿಲ್ಲ. ಒಬ್ಬರು ಒಂದು ವಿಳಾಸಕ್ಕೆ ಬರೆದರೆ ಅದು ಎಲ್ಲರ ಪೆಟ್ಟಿಗೆಗೂ ಹೋಗಿ ಬೀಳುತ್ತದೆ. ಬರೆಯಲು ಒಂದು ನಿಮಿಷ ಹಿಡಿಯಿತೋ ಒಂಬತ್ತು ದಿನವೋ ದೇವರಿಗೂ ತಿಳಿಯದು. ಪ್ರತಿಯೊಬ್ಬರ ಹತ್ತಿರ ಪ್ರತಿ ಮಾತಿನ ನಕಲು ಇರುತ್ತದೆ, ಆದ್ದರಿಂದ ಯಾವ ಕಂಪನಿ ಮುಚ್ಚಿಕೊಂಡರೂ ಅಳಿಸಲು ಸಾಧ್ಯವಿಲ್ಲ. ಹಳೆಯ ಬರಹಗಳನ್ನು ಬರೀ ಅಕ್ಷರಗಳ ಪುಟಗಳಾಗಿ ಮಾಡಿ ನಮ್ಮದೇ ವಿಳಾಸದಲ್ಲಿ ಇಡೋಣ. ಅಲ್ಲಿ ಹುಡುಕಬಹುದು, ಬೇಕೆಂದರೆ ನಾಳೆ ಬೇರೆ ಕಡೆಗೆ ಎತ್ತಿಕೊಂಡೂ ಹೋಗಬಹುದು. ಕೀಲಿ ಮೂವರ ಹತ್ತಿರ: ನಾನು, ಲಿಫ್ಟ್ ರಿಪೇರಿಯವರು, ರಿಟೈರಾದ ಟೈಪಿಸ್ಟ್ ಅಮ್ಮ. ಮೂವರೂ ಒಟ್ಟಿಗೆ ಮುನಿಸಿಕೊಳ್ಳುವುದಿಲ್ಲ ಎಂದು ಬರೆದು ಸಹಿ ಹಾಕಿದ್ದೇವೆ.

ತಪ್ಪಿದ್ದರೆ ಹೇಳಿ. ಹೇಳುವುದು ತಡವಾಗದಿರಲಿ. ಈ ಮಾತನ್ನು ನಾನು ಯಾರಿಗೂ ಅಂದವಳಲ್ಲ, ಈಗ ಅನ್ನುತ್ತಿದ್ದೇನೆ: ಬೇಗ, ಮಾವ.

ಗಲಾಟೆ


ಜನವರಿ 2

ಮಾವ,

ಡಿಸೆಂಬರ್ ಹತ್ತರಿಂದ ಮೂವತ್ತರವರೆಗೆ ದಿನಾ ಎರಡು ಸಲ ಅಂಚೆಯವರ ದಾರಿ ಕಾದೆ. ನನ್ನ ಕಾಗದ ಎಲ್ಲೆಲ್ಲೋ ಸುತ್ತಿ ನಿಮಗೆ ತಲುಪಿದ್ದೇ ಮೂವತ್ತೊಂದರ ಮಧ್ಯಾಹ್ನ ಎಂದು ನಿಮ್ಮ ಪ್ರೆಸ್ಸಿನ ಗೇಟಿನ ವಾಚ್‌ಮನ್ ಆಮೇಲೆ ಹೇಳಿದರು. ಪ್ರೆಸ್ಸಿಗೆ ರಜೆ, ಕಂಪ್ಯೂಟರ್ ಕೋಣೆಗೆ ಬೀಗ, ಇದ್ದದ್ದು ಗೇಟಿನ ಫೋನ್ ಒಂದೇ ಅಂತೆ. ನೀವು ಅದರ ಮುಂದೆ ಒಂದು ಗಂಟೆ ನಿಂತಿದ್ದಿರಂತೆ.

ಈ ಕಡೆ ನಡೆದದ್ದನ್ನು ದಾಖಲೆಗಾಗಿ ಬರೆಯುತ್ತೇನೆ.

ನಾಲ್ಕೂ ಇಪ್ಪತ್ತಕ್ಕೆ ಲ್ಯಾಬಿನ ಫೋನ್ ಹೊಡೆದುಕೊಂಡಿತು. ನಾನು ಕಂಪ್ಯೂಟರಿನ ಮುಂದೆ, ಹಳೆಯ ಜಾಗದ ಪುಟಗಳನ್ನು ಒಂದೊಂದಾಗಿ ಫೋಟೋ ತೆಗೆಯುತ್ತಿದ್ದೆ. ಸಾವಿರಾರು ಪುಟಗಳಲ್ಲಿ ಮುನ್ನೂರು ಮುಗಿದಿದ್ದವು. ಯಜಮಾನಿ ಎತ್ತಿದರು. ‘ಹಲೋ. ಹಲೋ, ಯಾರ್ರೀ?’ ಆಮೇಲೆ ನನ್ನ ಕಡೆ ನೋಡಿ, ‘ಯಾರೋ ಉಸಿರು ಬಿಡ್ತಾ ಇದಾರೆ ಕಣೇ, ಮಾತೇ ಇಲ್ಲ. ಇಡ್ತೀನಿ’ ಎಂದರು. ‘ಇಡಬೇಡಿ’ ಅನ್ನಬೇಕಿತ್ತು ನಾನು. ಇಕಾರದಲ್ಲೇ ಸಿಕ್ಕಿಕೊಂಡೆ. ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಹೋಗಿ ಕಿತ್ತುಕೊಂಡೆ, ಕಂಪ್ಯೂಟರಿನ ಪಕ್ಕಕ್ಕೆ ಎಳೆದುಕೊಂಡೆ.

ಆ ಉಸಿರು ನನಗೆ ಗೊತ್ತು. ನಾನು ಹಲೋ ಅನ್ನಬೇಕು, ಹಕಾರ ಹುಟ್ಟುತ್ತಿಲ್ಲ. ನೀವು ಏನೋ ಅನ್ನಬೇಕು, ಅದೂ ಇಲ್ಲ. ಎರಡು ಊರಿನ ನಡುವೆ ಅಷ್ಟು ಉದ್ದದ ತಂತಿ, ಎರಡು ಕಡೆಯೂ ಬರೀ ಗಾಳಿ. ಯಜಮಾನಿ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಗೆ ಹೋದರು.

‘ಬ… ಬರ್ಕೋ’ ಎಂದಿರಿ. ಆಮೇಲೆ ‘ತ್…’

ಆಗ ಎಲ್ಲ ಹೊಳೆದುಬಿಟ್ಟಿತು ನನಗೆ. ಮದುವೆಯ ಮರುದಿನ ಬದಲಾಯಿಸಿದ ಪಾಸ್‌ವರ್ಡ್, ತಕಾರದಿಂದ ಶುರು. ಇನ್ನೇನಿರುತ್ತದೆ? ‘ತಲೆನೋವು’ ಎಂದು ಟೈಪ್ ಮಾಡಿದೆ. ಬೆರಳು ಕೊನೆಯ ಗುಂಡಿಯ ಮೇಲಿತ್ತು. ನೀವು ಇನ್ನೂ ‘ತ್… ತ್…’ದಲ್ಲೇ ಇದ್ದಿರಿ. ಉಳಿದಿದ್ದು ಒಂದೇ ಅವಕಾಶ, ಒಂದೂವರೆ ಗಂಟೆ. ‘ಗೊತ್ತಾಯ್ತು ಮಾವ’ ಎಂದು ಹೇಳಿ ನಿಮ್ಮನ್ನು ಬಿಡಿಸಿಬಿಡೋಣ ಅನ್ನಿಸಿತು. ಮೇಜಿನ ಮೇಲಿನ ನಲವತ್ತು ಬಾಯಿಗಳೂ ನನ್ನನ್ನೇ ನೋಡುತ್ತಿದ್ದವು. ಬೆರಳು ತೆಗೆದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಹಿಂದಿನಿಂದ ವಾಚ್‌ಮನ್ ದನಿ ಕೇಳಿತು: ‘ಸಾರ್, ಬರೆದು ಕೊಡಿ, ನಾನು ಹೇಳ್ತೀನಿ.’ ‘ಬೇಡ’ ಎಂದಿರಿ. ಅದು ಮಾತ್ರ ಒಂದೇ ಏಟಿಗೆ ಬಂತು.

ಎಷ್ಟೋ ಹೊತ್ತಾದ ಮೇಲೆ ಬಂತು ಮಾತು. ‘ತಾಳು.’

‘ತಾ… ತಾಳ್ತೀನಿ ಮಾವ’ ಎಂದೆ. ಕಾದೆ. ಐದು ನಿಮಿಷ ಹೋಯಿತು. ಮತ್ತೆ ‘ತಾಳು’ ಎಂದಿರಿ. ‘ಎಷ್ಟೊತ್ತಾದ್ರೂ ತಾಳ್ತೀನಿ’ ಎಂದೆ, ಇನ್ನೂ ಮೆತ್ತಗೆ. ಇಷ್ಟು ಒಳ್ಳೆಯವಳಾಗಿ ನಾನು ಯಾವತ್ತೂ ನಡೆದುಕೊಂಡಿರಲಿಲ್ಲ. ಗಡಿಯಾರ ಓಡುತ್ತಿತ್ತು, ನಾನು ನಿಮಗೆ ಕಾಯುತ್ತಿದ್ದೆ, ನೀವು ನನಗೆ.

ಕೊನೆಗೆ: ‘ಅಯ್ಯೋ ಗ… ಗಲಾಟೆ. ತಾಳು ಅಂತ ಬ… ಬರಿಯೇ.’

ಬರೆದೆ. ಬಾಗಿಲು ತೆರೆಯಿತು. ಐದಕ್ಕೆ ಒಂಬತ್ತು ನಿಮಿಷ ಇತ್ತು.

ವಿಳಾಸಗಳು ಮೊದಲು ಇಳಿದವು, ಮುನ್ನೂರ ನಲವತ್ತೂ. ಬರಹಗಳು ಹಳೆಯದರಿಂದ ಶುರುವಾಗಿ ವರ್ಷ ವರ್ಷವಾಗಿ ಬಂದವು. ಹನ್ನೊಂದು ವರ್ಷ ಬಂತು. ಹನ್ನೆರಡನೆಯದು ಅರ್ಧ ಇರುವಾಗ ಆರು ಗಂಟೆಯಾಯಿತು, ಪರದೆ ಬೆಳ್ಳಗಾಯಿತು. ಕೊನೆಯ ಐದು ವರ್ಷ ಹೋಯಿತು ಮಾವ. ತಪಾಸಕರ ಇನ್ನೂರ ಐವತ್ತು ಭಾನುವಾರಗಳು ಅದರಲ್ಲಿವೆ. ಆ ವರ್ಷಗಳ ನನ್ನ ಎಲ್ಲ ತಮಾಷೆಗಳೂ. ಅದಕ್ಕೆ ಯಾರೂ ಅಳಬೇಕಾಗಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ತಾಳುತ್ತಾ ಕೂತ ಹೊತ್ತಿನಲ್ಲಿ ಎರಡು ಮೂರು ವರ್ಷ ಇಳಿಯುತ್ತಿತ್ತೋ ಏನೋ. ಲೆಕ್ಕ ಹಾಕಲು ಕೂತೆ, ಆಗಲಿಲ್ಲ.

ಎಲ್ಲರಿಗೂ ಬರೆದಿದ್ದೇನೆ. ಎರಡು ದಿನದಲ್ಲಿ ಅರವತ್ತೆಂಟು ಜನ ಬಂದಿದ್ದಾರೆ. ತಪಾಸಕರು ಬಂದಿಲ್ಲ. ಅವರಿಗೆ ಕಳಿಸಿದ ಇಮೇಲ್ ವಾಪಸೂ ಬಂದಿಲ್ಲ, ಅಂದರೆ ತಲುಪಿದೆ. ಅವರು ಬರುತ್ತಾರಾ?

ಇನ್ನೊಂದು ಮಾತು. ಆ ಪಾಸ್‌ವರ್ಡ್ ಯಾಕೆ ಅದು?

ಗಲಾಟೆ


ಜನವರಿ 19

ಗಲಾಟೆಗೆ,

ಆರು ತಪ್ಪು. ಕಡಿಮೆಯಾಗಿವೆ.

ಮದುವೆಯ ದಿನ ನಾನು ‘ಬಾಳಿ’ ಎಂಬ ಮಾತಿನಲ್ಲಿ ನಿಂತಿದ್ದೆ. ಬರುತ್ತಿತ್ತು, ಇನ್ನು ಸ್ವಲ್ಪ ಹೊತ್ತು ಬೇಕಿತ್ತು. ಅಷ್ಟರಲ್ಲಿ ನೀನು ಮೈಕಿನ ಕಡೆ ಬಗ್ಗುವುದು ಕಂಡಿತು. ಈ ಹುಡುಗಿ ಮುಗಿಸಿಬಿಡುತ್ತದೆ ಎಂದು ಹೆದರಿ, ಆ ಮಾತು ಬಿಟ್ಟು ನಿನ್ನ ಕಡೆ ತಿರುಗಿ ಬೇರೆ ಮಾತು ಶುರುಮಾಡಿದೆ. ನೀನು ಕೇಳಿದ ತಕಾರ ಅದರದು. ಅದನ್ನೂ ನೀನೇ ಮುಗಿಸಿದೆ, ನಿನ್ನ ರೀತಿಯಲ್ಲಿ. ಮರುದಿನ ಆ ಮಾತನ್ನು ಪಾಸ್‌ವರ್ಡ್ ಮಾಡಿದೆ. ಎಲ್ಲಾದರೂ ಒಂದು ಕಡೆ ಅದು ಪೂರ್ತಿಯಾಗಿ ಇರಲಿ ಎಂದು.

ತಪಾಸಕರು ಬರುತ್ತಾರೆಯೇ ಎಂದು ಕೇಳಿದ್ದೀ. ಗೊತ್ತಿಲ್ಲ. ಅವರಿಗೆ ಎರಡನೇ ಪತ್ರ ಬರೆಯಬೇಡ, ಹೇಗಿದ್ದೀರಿ ಎಂದು ಕೂಡ. ಭಾನುವಾರ ಬೆಳಿಗ್ಗೆ ಗುಂಪಿನಲ್ಲಿ ಯಾರೂ ಏನೂ ಬರೆಯದಿರಲಿ. ಎಲ್ಲರಿಗೂ ಹೇಳು. ಆ ಹೊತ್ತು ಅವರದು. ಎಷ್ಟು ಭಾನುವಾರ ಎಂದು ಎಣಿಸಬೇಡ.

ನಾನು ಇಂಟರ್ನೆಟ್ಟಿಗೆ ಮತ್ತೆ ಅರ್ಜಿ ಹಾಕಿದ್ದೇನೆ. ಸಂಪರ್ಕ ಕೊಡುವುದು ತಡವಾಗುತ್ತದೆ ಎಂದರು. ನಗು ಬಂತು.

ನಿನ್ನ ಅಕ್ಕನಿಗೆ ಕೊಡಬೇಕಾದ ಹಾರೈಕೆ ಬಾಕಿ ಇದೆ ಎಂದು ತಿಳಿಸು. ಹೇಳುತ್ತಿದ್ದೇನೆ. ಸದ್ಯಕ್ಕೆ ಮೊದಲ ಅಕ್ಷರದವರೆಗೆ ಬಂದಿದ್ದೇನೆ: ಬಾ.

ಮಾವ